ಕೈಗೆ ಬಿಟ್ಟ ಜಾಗ

ಫೆಬ್ರವರಿ ೪

ಭಾವನವರಿಗೆ,

ಕ್ಷೇಮ ಸಮಾಚಾರ ಮೊದಲು ಮುಗಿಸಿಬಿಡುತ್ತೇನೆ. ನಾನು ಚೆನ್ನಾಗಿದ್ದೇನೆ, ಮಂಡಿ ಮಾತ್ರ ಮೆಟ್ಟಿಲು ಕಂಡರೆ ತಕರಾರು ತೆಗೆಯುತ್ತದೆ. ನೀವು ಚೆನ್ನಾಗಿದ್ದೀರಿ ಎಂದು ಅಕ್ಕ ಪ್ರತಿ ಭಾನುವಾರ ಫೋನಿನಲ್ಲಿ ಹೇಳುತ್ತಾಳೆ. "ಭಾವನಿಗೆ ಕೊಡು" ಅಂದರೆ "ಕೆಲಸದಲ್ಲಿದ್ದಾರೆ ಕಣೋ" ಅನ್ನುತ್ತಾಳೆ. ಹನ್ನೊಂದು ವರ್ಷದಿಂದ, ನಾನು ಫೋನು ಮಾಡುವ ಹೊತ್ತಿಗೇ ಸರಿಯಾಗಿ ನಿಮಗೆ ಕೆಲಸ ಬರುತ್ತಿದೆ. ಭಾನುವಾರಗಳಲ್ಲಿ ಇಷ್ಟು ಬೇಡಿಕೆಯಿರುವ ಬಡಗಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದ್ದರಿಂದ ಪತ್ರ. ಫೋನನ್ನು ಪಕ್ಕದವರ ಕೈಗೆ ದಾಟಿಸಬಹುದು, ಪತ್ರಕ್ಕೆ ಉತ್ತರ ಕೊಡದಿದ್ದರೆ ಅಂಚೆಯವನೂ ಅನುಮಾನದಿಂದ ನೋಡುತ್ತಾನೆ.

ವಿಷಯಕ್ಕೆ ಬರುತ್ತೇನೆ. ಪ್ಲೈವುಡ್ ಶೋರೂಮು ಈಗ ಮಗಳದು. ನಾನು ಒಪ್ಪಿಸಿದೆ ಎಂದು ನಾನು ಹೇಳಿಕೊಳ್ಳುತ್ತೇನೆ, ಕಿತ್ತುಕೊಂಡೆ ಎಂದು ಅವಳು ಹೇಳಿಕೊಳ್ಳುತ್ತಾಳೆ. "ಅಪ್ಪಾ, ನೀವು ಮಾತಾಡ್ತಾ ಕೂತರೆ ಗಿರಾಕಿ ಕೊಳ್ಳೋದನ್ನೇ ಮರೆತು ಕೇಳ್ತಾ ಕೂತುಬಿಡ್ತಾರೆ. ಹಿಂದಿನ ರೂಮು ಖಾಲಿ ಇದೆ, ಅಲ್ಲೇನಾದ್ರೂ ಮಾಡ್ಕೊಳ್ಳಿ" ಅಂದಳು. ಹಿಂದಿನ ರೂಮಿನಲ್ಲಿ ಒಂದು ಕಿಟಕಿ, ಒಂದು ಬೆಂಚು, ಒಂದು ಬೋಳು ಗೋಡೆ. ಮೂಲೆಯಲ್ಲಿ ಆ ಟ್ರಂಕು.

ತೆರೆದೆ. ನಾನು ಪ್ಲೈ ಮಾರಲು ಹೊರಟು ನಮ್ಮಿಬ್ಬರ ಬಡಗಿ ಅಂಗಡಿ ಮುಚ್ಚಿದಾಗ ಪಾಲಿಗೆ ಬಂದ ನನ್ನ ಅರ್ಧ ಹಾಗೇ ಇದೆ. ಹಾಗೇ ಅಂದರೆ ಅಷ್ಟು ಹಾಗೇ ಅಲ್ಲ. ಉಳಿಗಳು ಒಂದರ ಬಾಯಿಗೊಂದು ಬಡಿದು ಮುಕ್ಕಾಗಿವೆ, ದೊಡ್ಡ ಗರಗಸಕ್ಕೆ ತುಕ್ಕಿನ ಮಚ್ಚೆ ಬಿದ್ದಿದೆ. ಹತ್ಯಾರುಗಳನ್ನು ಹೀಗೆ ಇಟ್ಟವನಿಗೆ ನಮ್ಮ ಅಂಗಡಿಯಲ್ಲಿ ನೀವು ಒಂದು ದಿನದ ಊಟ ಹಾಕುತ್ತಿರಲಿಲ್ಲ. ಹಾಗಾಗಿ ಗೋಡೆಗೊಂದು ಕಪಾಟು ಮಾಡಲು ಹೊರಟಿದ್ದೇನೆ. ಎರಡು ಬಾಗಿಲು, ಒಂದೊಂದು ಹತ್ಯಾರಿಗೂ ಅದರದೇ ಜಾಗ. ಚಿತ್ರ ಇದರ ಜೊತೆ ಇಟ್ಟಿದ್ದೇನೆ. ಪ್ಲೈ ಅಲ್ಲ, ಮರ. ನಗಬೇಡಿ.

ಕಪಾಟಿನ ಬೆನ್ನಿಗೆ ಅಗಲ ಹಲಗೆಗಳನ್ನು ಒಂದರೊಳಗೊಂದು ಕೂರಿಸಬೇಕು. ಅಲ್ಲಿ ಸಿಕ್ಕಿಬಿದ್ದೆ. ಪಾಲಿನ ದಿನ ನೆನಪಿದೆಯಲ್ಲ? ನೀವೊಂದು ಎತ್ತಿಕೊಳ್ಳುವುದು, ನಾನೊಂದು, ಮಧ್ಯೆ ಅಕ್ಕ. ಮರ ಹೆರೆಯುವ ಜೋಡಿ ಕೀಸುಳಿಯ ಸರದಿ ಬಂದಾಗ ನೀವು ನಾಲಿಗೆ ಕೀಸುಳಿ ಎತ್ತಿಕೊಂಡಿರಿ. ನಾನು ಸುಮ್ಮನಿರದೆ ತೋಡು ಕೀಸುಳಿ ಎತ್ತಿಕೊಂಡೆ. ಒಂದು, ಹಲಗೆಯ ಅಂಚಿನಲ್ಲಿ ತೋಡು ಕೊರೆಯುವಂಥದ್ದು. ಇನ್ನೊಂದು, ಆ ತೋಡಿನಲ್ಲಿ ಕೂರುವ ನಾಲಿಗೆಯನ್ನು ಪಕ್ಕದ ಹಲಗೆಯಲ್ಲಿ ತೆಗೆಯುವಂಥದ್ದು. ಜೊತೆಯದು ಇಲ್ಲದಿದ್ದರೆ ಎರಡೂ ಬಾಗಿಲಿಗೆ ಒತ್ತುಕೊಡಲು ಲಾಯಕ್ಕು. ಅದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಕೆಳಗಿಡಲಿಲ್ಲ. "ಮಾತಾಡದವರಿಗೆ ನಾಲಿಗೆ ಹೋಯ್ತು, ಇನ್ನು ನನ್ನ ಕೆಲಸ ಮುಗೀತು" ಎಂದು ಅಕ್ಕ ಒಳಗೆ ಹೋಗಿದ್ದಳು.

ನಾಲಿಗೆ ಕೀಸುಳಿಯನ್ನು ಪಾರ್ಸೆಲ್ ಲಾರಿಯಲ್ಲಿ ಕಳಿಸಿಕೊಡಿ. ಕೆಲಸ ಮುಗಿದ ಮೇಲೆ ಎಣ್ಣೆ ಹಚ್ಚಿ ವಾಪಸು ಮಾಡುತ್ತೇನೆ.

ನಿಮ್ಮ ಭಾಮೈದ


ಫೆಬ್ರವರಿ ೧೭

ಭಾಮೈದ,

ಪತ್ರ ಬಂತು. ಕೀಸುಳಿ ಕಳಿಸುವುದಿಲ್ಲ. ಲಾರಿಯವರು ಎಸೆಯುತ್ತಾರೆ. ಹಲಗೆಯನ್ನು ಎಸೆದರೆ ಹಲಗೆಗೇನೂ ಆಗುವುದಿಲ್ಲ. ಆದ್ದರಿಂದ ಹಲಗೆ ಕಳಿಸು. ನೀನು ತೋಡು ಹೊಡೆದು ಕಳಿಸು, ನಾನು ನಾಲಿಗೆ ಹೊಡೆದು ವಾಪಸು ಕಳಿಸುತ್ತೇನೆ.

ಚಿತ್ರದಲ್ಲಿ ಕೀಸುಳಿಗಳನ್ನು ಮೇಲಿನ ತಟ್ಟೆಯಲ್ಲಿ ಇಟ್ಟಿದ್ದೀಯಂತೆ. ಭಾರದ್ದು ಕೆಳಗೆ. ತಲೆಯ ಮೇಲಿಂದ ಕೀಸುಳಿ ಇಳಿಸುವಾಗ ಒಂದು ದಿನ ಅದೇ ತಾನಾಗಿ ಇಳಿಯುತ್ತದೆ.

ಕಪಾಟನ್ನು ಮೊಳೆಗೆ ತೂಗುಹಾಕಬೇಡ. ಒಂದು ಪಟ್ಟಿಯನ್ನು ಉದ್ದಕ್ಕೆ ಓರೆಯಾಗಿ ಸೀಳು. ಒಂದು ಅರ್ಧ ಗೋಡೆಗೆ, ಇನ್ನೊಂದು ಕಪಾಟಿನ ಬೆನ್ನಿಗೆ. ಮೇಲಿಂದ ಇಳಿಸಿದರೆ ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ತೂಕ ಏರಿದಷ್ಟೂ ಬಿಗಿ. ಅದಕ್ಕೂ ಮೊದಲು ಗೋಡೆ ತಟ್ಟಿ ನೋಡು.

ಭಾವ

(ತಮ್ಮಾ, ಅವರು ಹೇಳಿದರು, ನಾನು ಬರೆದೆ. ಅವರ ಕೈಗೆ ಅಂಟು ಮೆತ್ತಿದೆ. ನಿನ್ನ ಪತ್ರ ಎರಡು ಸಲ ಓದಿಸಿಕೊಂಡರು. "ಬಾಯಿಬಡುಕ, ಕಾಗದದಲ್ಲೂ ಬಿಡಲ್ಲ" ಅಂದರು. ನಿಲ್ಲಿಸು ಅನ್ನಲಿಲ್ಲ. ಅಕ್ಕ)


ಮಾರ್ಚ್ ೩

ಭಾವನವರಿಗೆ,

ಹಲಗೆ ಹೊರಟಿವೆ. ಏಳು. ಎಡ ಅಂಚಿಗೆ ತೋಡು ಹೊಡೆದಿದ್ದೇನೆ, ಬಲ ಅಂಚು ನಿಮ್ಮದು, ಕೊನೆಯದನ್ನು ಬಿಟ್ಟು. ಒಂದು ಹಳೆ ಕಟ್ಟಡದ ಬಾಗಿಲಿನ ಮರ. ಒಡೆಯುವವರು ಉರಿಸಲು ಒಯ್ಯುತ್ತಿದ್ದರು, ನಾನು ಅಡ್ಡ ನಿಂತು ಮಾತಿಗೆಳೆದೆ. ಮಾತು ಮುಗಿಯುವ ಹೊತ್ತಿಗೆ ಅವರೇ ನನ್ನ ಗಾಡಿಗೆ ಏರಿಸಿಕೊಟ್ಟರು.

ಬೆನ್ನ ಕಡೆಯೆಲ್ಲ ಮೊಳೆಯ ತೂತು. ಮರದ ಪುಡಿಗೆ ಅಂಟು ಕಲಸಿ ತುಂಬಿ, ನಮ್ಮ ಗೋಡೌನಿನ ಯಂತ್ರದಲ್ಲಿ ಎರಡೂ ಕಡೆ ನುಣ್ಣಗೆ ಮಾಡಿಸಿದ್ದೇನೆ. ಕೈಯಾಡಿಸಿದರೆ ಗಾಜು. ಮುಖ ಯಾವುದೆಂದು ಗುರುತಿಗೆ ಅದರ ಮೇಲೆ ನಮ್ಮ ಪೆನ್ಸಿಲ್ ಸುಳಿ ಹಾಕಿದ್ದೇನೆ, ನೀವು ಕಲಿಸಿದ ಹಾಗೆಯೇ. ತೋಡು ಹಲಗೆಯ ದಪ್ಪದ ನಟ್ಟನಡುವೆ ಇಲ್ಲ, ಮುಖದ ಕಡೆಗೆ ಸ್ವಲ್ಪ ವಾಲಿದೆ. ಕೀಸುಳಿಯನ್ನು ಮುಖಕ್ಕೇ ಆನಿಸಿ ಹೊಡೆಯಬೇಕು ಎಂದು ನಿಮಗೆ ನಾನು ಹೇಳಿಕೊಡುವಂಥ ಕಾಲ ಬಂದಿಲ್ಲ, ಆದರೂ ಬರೆದಿದ್ದೇನೆ. ಇಷ್ಟು ವರ್ಷ ಗಿರಾಕಿಗಳಿಗೆ ಗೊತ್ತಿರುವುದನ್ನೇ ಹೇಳಿ ಬದುಕಿದವನು ನಾನು.

ನೀವು ಹೇಳಿದಂತೆ ಕೀಸುಳಿಗಳನ್ನು ಕೆಳಗಿಳಿಸಿದ್ದೇನೆ. ಉಳಿದದ್ದನ್ನು ನೆಲದ ಮೇಲೆ ದೊಡ್ಡ ಕಾಗದ ಹಾಸಿ ಜೋಡಿಸಿ ಸುತ್ತಲೂ ಗೆರೆ ಎಳೆದೆ. ಒಂದಕ್ಕೊಂದು ಅಂಟಿಕೊಂಡ ಹಾಗೆ ಕೂರಿಸಿದ್ದೇನೆ, ಒಂದು ಅಂಗುಲ ದಂಡವಾಗಿಲ್ಲ. ಗೋಡೌನು ನಡೆಸಿದವನ ಕಣ್ಣು ಇದು. ಮಗಳು ಬಂದು ನೋಡಿ, "ಇದೇನಪ್ಪಾ, ಕೊಲೆ ನಡೆದ ಜಾಗದಲ್ಲಿ ಪೊಲೀಸರು ಗೆರೆ ಎಳೆದ ಹಾಗಿದೆ" ಅಂದಳು.

ನಿಮ್ಮ ಕೈಗೆ ಮೆತ್ತಿದ ಅಂಟು ಬಿಟ್ಟಿತೇ? ಅದರ ಹೆಸರು ಬರೆದು ಕಳಿಸಿ, ಶೋರೂಮಿನಲ್ಲಿ ಇಡುತ್ತೇವೆ.

ನಿಮ್ಮ ಬಾಯಿಬಡುಕ


ಮಾರ್ಚ್ ೧೬

ಭಾಮೈದ,

ಹಲಗೆ ಬಂದವು. ಒಳ್ಳೆ ಮರ. ಒಳ್ಳೆ ಮರವನ್ನು ಯಂತ್ರಕ್ಕೆ ಕೊಟ್ಟು ಹಾಳು ಮಾಡಿದ್ದೀಯ. ನಮ್ಮ ಅಂಗಡಿಯಲ್ಲಿ ಮುಖ ಮಾತ್ರ ನುಣ್ಣಗೆ ಮಾಡುತ್ತಿದ್ದೆವು, ಬೆನ್ನನ್ನು ಒರಟಾಗಿಯೇ ಬಿಡುತ್ತಿದ್ದೆವು. ಗೋಡೆಯ ಕಡೆ ಹೋಗುವುದಕ್ಕೆ ಶೃಂಗಾರ ಯಾಕೆ? ಎರಡೂ ಕಡೆ ಒಂದೇ ಆದರೆ ಹಲಗೆಗೆ ಮುಖ ಇದ್ದೂ ಇಲ್ಲ.

ನಿನ್ನ ಕಾಗದದ ಜೋಡಣೆ ತಪ್ಪು. ಹತ್ಯಾರುಗಳ ಅಳತೆ ತೆಗೆದಿದ್ದೀಯ, ಕೈಯ ಅಳತೆ ತೆಗೆದಿಲ್ಲ. ಉಳಿ ಒಳಗೆ ಕೂರುತ್ತದೆ, ಸರಿ. ಹೊರಗೆ ತೆಗೆಯುವುದು ಯಾರು? ಎರಡು ಹಿಡಿಗಳ ನಡುವೆ ಬೆರಳು ಹೋಗಬೇಕು, ಹೋಗಿ ಮಡಚಬೇಕು. ಹತ್ಯಾರಿಗೆ ಜಾಗ ಬಿಟ್ಟರೆ ಅದು ಗೋಡೌನು. ಕೈಗೂ ಜಾಗ ಬಿಟ್ಟರೆ ಕಪಾಟು.

ಇನ್ನೊಂದು ಸಲ ಜೋಡಿಸು. ನಾಲಿಗೆ ಹೊಡೆಯಲು ಸ್ವಲ್ಪ ದಿನ ಹಿಡಿಯುತ್ತದೆ.

ಭಾವ

(ಅಂಟು ಇನ್ನೂ ಬಿಟ್ಟಿಲ್ಲ ಅಂತ ಬರೆ ಅಂದರು, ಬರೆದಿದ್ದೇನೆ. ಅಕ್ಕ)


ಏಪ್ರಿಲ್ ೧೨

ಅಕ್ಕಾ,

ಈ ಲಕೋಟೆಯ ಮೇಲೆ ನಿನ್ನ ಹೆಸರು ಮಾತ್ರ ಇದೆ. ಓದಿ ಹೇಳುವ ಪತ್ರವಲ್ಲ ಇದು. ನಿನ್ನಷ್ಟಕ್ಕೆ ಓದಿಕೊ.

ಹಲಗೆ ಬಂದವು. ಬಿಚ್ಚಿ ಬೆಂಚಿನ ಮೇಲೆ ಸಾಲಾಗಿಟ್ಟು ಒಂದರೊಳಗೊಂದು ಕೂರಿಸಿದೆ. ಮೊದಲನೆಯದು ಕೂತಿತು. ಎರಡನೆಯದಕ್ಕೆ ಮೂರನೆಯದು ಒಂದು ನೂಲು ಮೇಲೆ ನಿಂತಿತು. ಬೆರಳು ತಡೆಯುವಂಥ ಮೆಟ್ಟಿಲು. ಎಲ್ಲ ನೋಡಿದೆ. ಮೂರು ಹಲಗೆಗೆ ನಾಲಿಗೆ ಮುಖದ ಕಡೆಯಿಂದ ಹೊಡೆದಿದೆ, ಮೂರಕ್ಕೆ ಬೆನ್ನಿನಿಂದ.

ನಿನಗೆ ಸುಳ್ಳು ಹೇಳುವುದಿಲ್ಲ, ಮೊದಲು ಖುಷಿಯಾಯಿತು. ಭಾವನ ಕೈಕೆಳಗೆ ಕೆಲಸ ಕಲಿತ ದಿನದಿಂದ ಅವರ ಒಂದು ತಪ್ಪಿಗೆ ಕಾದು ಕೂತಿದ್ದೆ. ಒಳ್ಳೆ ಪತ್ರ ಬರೆಯಬೇಕೆಂದು ಪೆನ್ನೂ ತೆಗೆದೆ. ಬರೆಯುವ ಮುಂಚೆ, ಏನಾಯಿತೆಂದು ಸರಿಯಾಗಿ ಹೇಳಲು, ಮತ್ತೊಮ್ಮೆ ಹಲಗೆ ಹಿಡಿದೆ.

ನಾಲಿಗೆ ಒಂದೊಂದೂ ನೂಲು ಹಿಡಿದ ಹಾಗಿದೆ. ಎಲ್ಲೂ ಕಿತ್ತಿಲ್ಲ, ಎಲ್ಲೂ ಹೆಚ್ಚುಕಡಿಮೆ ಇಲ್ಲ. ಕೈ ಮೊದಲಿಗಿಂತ ಚೆನ್ನಾಗಿದೆ. ಆದರೆ ಪೆನ್ಸಿಲ್ ಸುಳಿ ಹಲಗೆ ಹಲಗೆಯ ಮೇಲೂ ಹಾಗೇ ಇದೆ, ಅಂಗೈಯಷ್ಟು ದೊಡ್ಡದು, ಅಳಿಸಿಲ್ಲ. ಅದನ್ನು ನೋಡಿಯೂ ಬೆನ್ನಿಗೆ ಆನಿಸುವ ಮನುಷ್ಯ ಅವರಲ್ಲ. ಅರ್ಧ ಸರಿ, ಅರ್ಧ ತಪ್ಪು ಅಂದರೆ ನಾಣ್ಯ ಚಿಮ್ಮಿದ ಲೆಕ್ಕ. ನೋಡಿ ಮಾಡಿದವರ ತಪ್ಪು ಹೀಗಿರುವುದಿಲ್ಲ.

ಫೆಬ್ರವರಿಯಿಂದ ಮಾರ್ಚ್‌ವರೆಗೆ ಕೈ ಬಿಡದ ಅಂಟನ್ನು ನಾನು ಮಾರಿಲ್ಲ, ಬೇರೆಯವರು ಮಾರಿದ್ದೂ ಕೇಳಿಲ್ಲ. ಏನಾಗಿದೆ ಹೇಳು.

ತಮ್ಮ


ಏಪ್ರಿಲ್ ೨೦

ತಮ್ಮಾ,

ಕೇಳಿದೆಯಲ್ಲ, ಹೇಳುತ್ತೇನೆ. ಹೇಳಬೇಡ ಅಂತ ಅವರು ಮಾತು ತಗೊಂಡಿದ್ದಾರೆ. ಆದರೆ ಅವರು ಹೇಳಿದ್ದು ನಿನ್ನ ಬಾಯಿಗೆ ಸಿಕ್ಕಬಾರದು ಅಂತ. ಬಾಯಿ ಮುಚ್ಚಿಕೊಂಡಿರುತ್ತೀಯ ಅಂದರೆ ನಾನು ಮಾತು ತಪ್ಪಿದ ಹಾಗಲ್ಲ.

ಕಣ್ಣು. ಹೋದ ವರ್ಷದಿಂದ. ನಡುಭಾಗ ಹೋಗಿದೆ, ಅಂಚು ಉಳಿದಿದೆ ಅಂದರು ಡಾಕ್ಟರು. ಇನ್ನು ಬರುವುದಿಲ್ಲವಂತೆ, ಇರುವುದು ಹೋಗಲಿಕ್ಕೂ ಇಲ್ಲವಂತೆ. ನೇರ ನೋಡಿದರೆ ನನ್ನ ಮುಖ ಇರುವ ಜಾಗದಲ್ಲಿ ಬೂದು ಕಲೆ, ಕಿವಿ ಮಾತ್ರ ಕಾಣುತ್ತದೆ ಅನ್ನುತ್ತಾರೆ. ಬಸ್ಸು ಕಾಣುತ್ತದೆ, ಬಸ್ಸಿನ ಬೋರ್ಡು ಕಾಣುವುದಿಲ್ಲ. ಬಾಗಿಲು ಕಾಣುತ್ತದೆ, ಪೆನ್ಸಿಲ್ ಗೆರೆ ಕಾಣುವುದಿಲ್ಲ. ಮೊದಮೊದಲು ಕೋಣೆಯಲ್ಲಿ ಬೆಳಕು ಸಾಲದು ಅಂತ ನನ್ನ ಮೇಲೆ ರೇಗಿ ಬಲ್ಬು ಬದಲಾಯಿಸಿದರು. ಈಗ ರೇಗುವುದಿಲ್ಲ. ಅದೇ ನನಗೆ ಕಷ್ಟ.

ನಿನ್ನ ಹಲಗೆ ಬಂದ ದಿನ ಎಲ್ಲವನ್ನೂ ಒಂದೊಂದಾಗಿ ಸವರಿ ನೋಡಿದರು. ಕಿಟಕಿ ಹತ್ತಿರ ಒಯ್ದು, ಹಕ್ಕಿ ನೋಡುವ ಹಾಗೆ ತಲೆ ಓರೆ ಮಾಡಿ ನೋಡಿದರು. ನಾನು ಬಾಗಿಲಲ್ಲೇ ನಿಂತಿದ್ದೆ. "ಸುಳಿ ಯಾವ ಕಡೆ ಇದೆ" ಅಂತ ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆ. ಕೇಳಲಿಲ್ಲ. ಕೇಳದೆ ನಾನಾಗಿ ಹೇಳಿದರೆ ಕೀಸುಳಿ ಕೆಳಗಿಟ್ಟುಬಿಡುತ್ತಾರೆ ಅಂತ ನಾನೂ ಸುಮ್ಮನಿದ್ದೆ. ಆಮೇಲೆ ಕೀಸುಳಿ ಓಡುವ ಸದ್ದು ಕೇಳಿತು. ಎಷ್ಟು ತಿಂಗಳಾದ ಮೇಲೆ. ಒಲೆ ಆರಿಸಿ ಕೇಳುತ್ತಾ ನಿಂತೆ.

ಇವೇ ಕೊನೇ ಹಲಗೆ ಅಂದಿದ್ದಾರೆ. ಅವರ ಹತ್ಯಾರುಗಳೆಲ್ಲ ಪೆಟ್ಟಿಗೆಯಲ್ಲಿ ರಾಶಿ ಬಿದ್ದಿವೆ. ಬೇಕಾದ್ದಕ್ಕೆ ಕೈ ಹಾಕಿದರೆ ಬೇಡದ್ದು ಕೊಯ್ಯುತ್ತದೆ. ಬೆರಳಿಗೆಲ್ಲ ಪಟ್ಟಿ. ಹಳೇ ಸಾಮಾನಿನವನಿಗೆ ಹೇಳಿ ಕಳಿಸಿದ್ದಾರೆ, ಬಂದು ಪೆಟ್ಟಿಗೆ ಸಮೇತ ಒಯ್ಯಲಿ ಅಂತ.

ದಿನಾ ಕೇಳುತ್ತಾರೆ, "ಹಲಗೆ ಕೂತವಂತಾ? ಬರೆದನಾ?" ಅಂತ. ಏನು ಹೇಳಲಿ?

ಅಕ್ಕ


ಏಪ್ರಿಲ್ ೨೯

ಅಕ್ಕಾ,

ಇದು ನಿನಗೆ. ಇದರೊಳಗಿನ ಇನ್ನೊಂದು ಕಾಗದ ಭಾವನಿಗೆ, ಅದನ್ನು ಗಟ್ಟಿಯಾಗಿ ಓದು.

ಹಲಗೆ ಕೂತವು ಎಂದು ಹೇಳು. ಸುಳ್ಳಲ್ಲ. ನಾಲ್ಕು ದಿನ ಅವುಗಳ ಮುಂದೆ ಕೂತಿದ್ದೆ. ಹೊಸ ಹಲಗೆ ಮಾಡಿಬಿಡೋಣ ಎಂದು ಒಂದು ದಿನ, ಮೆಟ್ಟಿಲನ್ನು ಉಜ್ಜಿ ಸಮ ಮಾಡೋಣ ಎಂದು ಒಂದು ದಿನ. ಎರಡರಲ್ಲೂ ಭಾವನ ಕೆಲಸ ಹೋಗುತ್ತದೆ. ಆಮೇಲೆ ಬೇಸರಕ್ಕೆ ಮೂರನೆಯ ಹಲಗೆಯನ್ನು ತಲೆಕೆಳಗು ಮಾಡಿ, ಬೆನ್ನನ್ನು ಮುಂದಕ್ಕೆ ತಿರುಗಿಸಿ ಹಾಕಿದೆ. ಸಮ ಕೂತಿತು. ಬೆನ್ನಿನಿಂದ ಹೊಡೆದ ನಾಲಿಗೆಗೆ, ಬೆನ್ನು ತಿರುಗಿಸಿದ ಹಲಗೆ ಸರಿಯಾಗಿ ಜೊತೆಯಾಗುತ್ತದೆ. ಒಂದು ಕಡೆ ಹೋದ ವಾಲು ಇನ್ನೊಂದು ಕಡೆ ಜಮಾ. ಇಷ್ಟು ಸುಲಭದ ಲೆಕ್ಕ ನಾಲ್ಕು ದಿನ ಹೊಳೆಯಲಿಲ್ಲ.

ಈಗ ಎಡದಿಂದ ಬಲಕ್ಕೆ ಎರಡು ಹಲಗೆ ಮುಖ ತೋರಿಸುತ್ತವೆ, ಒಂದು ಬೆನ್ನು, ಮತ್ತೆ ಎರಡು ಮುಖ, ಕೊನೆಗೆ ಎರಡು ಬೆನ್ನು. ನಾನು ಜೋಡಿಸಿದ್ದಲ್ಲ, ಭಾವ ಹೊಡೆದ ಕ್ರಮದಲ್ಲೇ ಹಾಗೆ ಬಂತು. ಬೆನ್ನಿನ ಹಲಗೆಗಳಲ್ಲಿ ಅಂಟು ತುಂಬಿದ ಕಲೆ ಕಾಣುತ್ತದೆ. ಅದನ್ನು ಏನು ಮಾಡಬೇಕೆಂದು ಗೊತ್ತಾಗಿದೆ, ಈಗಲೇ ಹೇಳುವುದಿಲ್ಲ.

ಹಳೇ ಸಾಮಾನಿನವನನ್ನು ತಡೆದು ಹಿಡಿ. ಮಳೆ ಕಳೆಯಲಿ ಅನ್ನು, ಪೆಟ್ಟಿಗೆಯ ಬೀಗದ ಕೈ ಕಳೆದಿದೆ ಅನ್ನು. ನನ್ನ ಅಕ್ಕ ನೀನು, ಹೇಳಲು ಏನಾದರೂ ಸಿಕ್ಕೇ ಸಿಗುತ್ತದೆ.

ತಮ್ಮ


ಏಪ್ರಿಲ್ ೨೯

ಭಾವನವರಿಗೆ,

ಹಲಗೆ ಕೂತವು. ಕೀಲಿನ ಸಂದಿನಲ್ಲಿ ಕಾಗದ ಹೋಗುವುದಿಲ್ಲ. ನಾಲಿಗೆ ಹೊಡೆದ ಕೈಗೆ ನಮಸ್ಕಾರ.

ಜೋಡಣೆ ಮತ್ತೆ ಮಾಡಿದೆ, ಈ ಸಲ ಹಿಡಿಗಳ ನಡುವೆ ಕೈ ಇಟ್ಟು. ನೀವು ಹೇಳಿದ್ದು ಸರಿ. ಹೀಗೆ ಬಿಡಿಸಿಟ್ಟ ಮೇಲೆ ಇನ್ನೊಂದು ಸಂಗತಿ ಕಂಡಿತು. ನನ್ನ ಅರ್ಧ ಮಾತ್ರ ಹಾಕಿದರೆ ಕಪಾಟು ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆ. ದೊಡ್ಡ ಉಳಿ ಇದೆ, ಸಣ್ಣದಿಲ್ಲ. ಸುತ್ತಿಗೆ ಇದೆ, ಮರದ ಕೊಡತಿ ಇಲ್ಲ. ಪಾಲು ಮಾಡುವಾಗ ನಾವಿಬ್ಬರೂ ಎಷ್ಟು ಚೆನ್ನಾಗಿ ಜಗಳವಾಡಿದ್ದೇವೆ ಎಂದರೆ ಒಬ್ಬನ ಹತ್ತಿರವೂ ಒಂದು ಸ್ಟೂಲು ಮಾಡುವಷ್ಟು ಸಾಮಾನು ಪೂರ್ತಿ ಇಲ್ಲ.

ಆದ್ದರಿಂದ ನಿಮ್ಮ ಅರ್ಧಕ್ಕೂ ಜಾಗ ಕೊರೆಯುತ್ತಿದ್ದೇನೆ. ಖಾಲಿ ಇರಲಿ, ಪರವಾಗಿಲ್ಲ. ಒಂದೊಂದನ್ನೂ ಕೈಗೆ ತೆಗೆದುಕೊಂಡು ಹಿಡಿಯ ದಪ್ಪ, ಉದ್ದ, ಎಲ್ಲಿ ಹಿಡಿದರೆ ತೂಕ ಸಮ ನಿಲ್ಲುತ್ತದೆ, ಇಷ್ಟನ್ನು ಅಕ್ಕನ ಕೈಯಲ್ಲಿ ಬರೆಸಿ ಕಳಿಸಿ. ಬೆರಳಗಲದಲ್ಲಿ ಹೇಳಿದರೆ ಸಾಕು. ನಿಮ್ಮ ಬೆರಳು ಎಷ್ಟು ದಪ್ಪ ಎಂದು ನನ್ನ ತಲೆಗೆ ಚೆನ್ನಾಗಿ ಗೊತ್ತು, ಕಲಿಯುವಾಗ ದಿನಾ ಕುಟ್ಟಿಸಿಕೊಂಡಿದ್ದೇನೆ.

ನಿಮ್ಮ ಭಾಮೈದ


ಮೇ ೧೫

ಭಾಮೈದ,

ನನ್ನ ಸಾಮಾನಿಗೆ ನಿನ್ನ ಕಪಾಟಿನಲ್ಲಿ ಜಾಗ ಯಾಕೆ? ಬಾಡಿಗೆಗೆ ಕೊಡುತ್ತೀಯಾ? ಬೇಡ ಅನ್ನಬೇಕೆಂದಿದ್ದೆ. ಆದರೆ ಕೊರೆಯುವುದೇ ಆದರೆ ತಪ್ಪು ಅಳತೆಗೆ ಕೊರೆಯಬೇಡ.

ಅಳತೆ ಪ್ರತ್ಯೇಕ ಹಾಳೆಯಲ್ಲಿದೆ. ಸಣ್ಣ ಉಳಿಗಳನ್ನು ಬಾಯಿ ಕೆಳಗೆ ಮಾಡಿ ಇಡು, ಮೇಲೆ ಹಿಡಿ ಸಿಗಬೇಕು. ಗ್ಯಾಪು ಒಂದೇ ಸಮ ಇರಲಿ. ಕೊಡತಿಯ ತಲೆ ಒಂದು ಕಡೆ ತಿಂದಿದೆ, ಅದಕ್ಕೆ ತಕ್ಕ ಗೂಡು ಮಾಡು, ಅದು ತಿರುಗಬಾರದು. ಬೈರಿಗೆಯ ಹಿಡಿ ಬದಲಾಗಿದೆ, ನಿನ್ನ ಕಾಲದ್ದಲ್ಲ.

ಭಾವ

(ಎರಡು ದಿನ ನೆಲದ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದರು. ಒಂದೊಂದನ್ನೂ ಎತ್ತಿ ಇದು ಎಲ್ಲಿ ಕೊಂಡಿದ್ದು, ಇದನ್ನು ನೀನು ಹೇಗೆ ಬೀಳಿಸಿದೆ ಅಂತ ಹೇಳಿದರು. ನೀನು ಬೀಳಿಸಿದ್ದೇ ಜಾಸ್ತಿ. ಹಳೇ ಸಾಮಾನಿನವನಿಗೆ ಬೀಗದ ಕೈ ಸಿಕ್ಕಿಲ್ಲ ಅಂದಿದ್ದೇನೆ. ಪೆಟ್ಟಿಗೆ ಬಾಯಿ ತೆರೆದುಕೊಂಡು ಅವನ ಎದುರಿಗೇ ಇತ್ತು. ಅವನೂ ಮರ್ಯಾದಸ್ಥ, ಸುಮ್ಮನೆ ಹೋದ. ಅಕ್ಕ)


ಜೂನ್ ೨೧

ಭಾವನವರಿಗೆ,

ಕಪಾಟು ಮುಗಿಯಿತು, ಆದರೆ ಒಂದು ಯಡವಟ್ಟಾಗಿದೆ. ಗೋಡೆ ತಟ್ಟಿ ನೋಡು ಎಂದು ನೀವು ಮೊದಲೇ ಬರೆದಿದ್ದಿರಿ. ನಾನು ತಟ್ಟಿದ್ದು ಈಗ. ಡಬ್ ಡಬ್ ಎಂದಿತು. ಹಿಂದಿನ ರೂಮನ್ನು ಬೇರೆ ಮಾಡಲು ನಾನೇ ನಿಲ್ಲಿಸಿದ ಪ್ಲೈ ಗೋಡೆ, ಮೇಲೆ ಬಣ್ಣ. ನಾನು ಪ್ಲೈ ಮಾರಲು ಹೊರಟಾಗ, ಕಾಗದ ಅಂಟಿಸಿದ್ದಕ್ಕೆ ಮರ ಅನ್ನಬೇಡ ಎಂದಿದ್ದಿರಿ, ಗೋಡೆ ಅಂತಲೂ ಅನ್ನಬಾರದು ಎಂದು ಈಗ ಗೊತ್ತಾಯಿತು. ಈ ಭಾರ ಅದಕ್ಕೆ ತಡೆಯುವುದಿಲ್ಲ. ಬೇರೆ ಗೋಡೆಗಳಲ್ಲಿ ಮಗಳು ಸ್ಯಾಂಪಲ್ ಶೀಟು ಹಾಕಿದ್ದಾಳೆ, "ಒಂದನ್ನೂ ಮುಟ್ಟಬೇಡಿ" ಎಂದಿದ್ದಾಳೆ.

ನಿಮ್ಮ ಕೆಲಸದ ಕೋಣೆಯ ಗೋಡೆ ಕಲ್ಲಿನದು. ಸದ್ಯಕ್ಕೆ ಅಲ್ಲಿರಲಿ. ಲಾರಿಗೆ ಹಾಕಿದ್ದೇನೆ, ಎಸೆಯಬೇಡಿ ಎಂದು ಲಾರಿಯವರ ಜೊತೆ ಅರ್ಧ ದಾರಿ ಹೋಗಿ ಮಾತಾಡಿಕೊಂಡು ಬಂದಿದ್ದೇನೆ. ಓರೆ ಪಟ್ಟಿ ಜೊತೆಗಿದೆ. ನಿಮ್ಮ ಭುಜದ ಎತ್ತರಕ್ಕೆ ಹಾಕಿಸಿ, ನನ್ನ ಭುಜದ ಎತ್ತರಕ್ಕಲ್ಲ.

ಒಳಗಿನ ವಿವರ. ಬೆನ್ನಿನ ಏಳು ಹಲಗೆಗಳಲ್ಲಿ ನಾಲ್ಕನ್ನು ನುಣುಪಾಗಿಯೇ ಬಿಟ್ಟಿದ್ದೇನೆ. ಉಳಿದ ಮೂರನ್ನು ಯಂತ್ರ ಹಾಳು ಮಾಡಿತ್ತಲ್ಲ, ಅಲಗಿನ ಬಾಯಿ ಉಬ್ಬಿದ ಕೀಸುಳಿಯನ್ನು ಅಡ್ಡಡ್ಡ ಓಡಿಸಿ ನಮ್ಮ ಅಂಗಡಿಯ ಬೆನ್ನಿನ ಒರಟುತನ ವಾಪಸು ಕೊಟ್ಟಿದ್ದೇನೆ. ಎಡದಿಂದ ಕೈ ಹಾಕಿದರೆ ಮೊದಲು ಎರಡು ನುಣುಪು, ಅಲ್ಲಿ ಗರಗಸ. ಒಂದು ಒರಟು, ಅಲ್ಲಿ ಮೂಲೆಮಟ್ಟ ಮತ್ತು ಗೆರೆ ಎಳೆಯುವ ಸಾಮಾನು. ಮತ್ತೆ ಎರಡು ನುಣುಪು, ಅಲ್ಲಿ ಉಳಿಗಳು, ಸಣ್ಣದರಿಂದ ದೊಡ್ಡದಕ್ಕೆ. ಕೊನೆಯಲ್ಲಿ ಎರಡು ಒರಟು, ಅಲ್ಲಿ ಸುತ್ತಿಗೆ, ಕೊಡತಿ, ಬೈರಿಗೆ. ಕೀಸುಳಿಗಳು ಕೆಳಗಿನ ತಟ್ಟೆಯಲ್ಲಿ. ಎಲ್ಲ ಗೂಡಿಗೂ ಕೈಯ ಜಾಗ ಬಿಟ್ಟಿದ್ದೇನೆ, ನನ್ನ ಕೈಯದಲ್ಲ, ನಿಮ್ಮ ಕೈಯದು.

ಒರಟು ಹಲಗೆ ನೋಡಿದ ಒಬ್ಬ ಗಿರಾಕಿ ಇದೇ ಡಿಸೈನಿನಲ್ಲಿ ಅಡುಗೆಮನೆ ಬೇಕು ಅಂದ. ಸಿಗುವುದಿಲ್ಲ ಎಂದು ಕಳಿಸಿದೆ. ಮಗಳು ಒಂದು ದಿನ ಮಾತು ಬಿಟ್ಟಿದ್ದಳು.

ನನ್ನ ಅರ್ಧವೂ ಒಳಗಿದೆ. ಟ್ರಂಕಿನಲ್ಲಿಟ್ಟು ತುಕ್ಕು ಹಿಡಿಸುವುದಕ್ಕಿಂತ ಅಲ್ಲಿರಲಿ.

ನಿಮ್ಮ ಬಾಯಿಬಡುಕ


ಜುಲೈ ೬

ಭಾಮೈದ,

ಇದು ನಾನೇ ಬರೆಯುತ್ತಿರುವುದು. ಸಾಲು ಏರಿಳಿದರೆ ಹುಡುಕಿಕೊಂಡು ಓದು. ಕಾಗದ ಎಲ್ಲಿ ಮುಗಿಯುತ್ತದೋ ಅಲ್ಲಿ ನಿಮ್ಮಕ್ಕ ಬೆರಳಿಟ್ಟು ಕೂತಿದ್ದಾಳೆ. ಬೆರಳು ತಾಕಿದರೆ ಮುಂದಿನ ಸಾಲು.

ಕಪಾಟು ಗೋಡೆಗೆ ಹೋಯಿತು. ಪಟ್ಟಿ ಚೆನ್ನಾಗಿ ಕಚ್ಚಿದೆ.

ಒಳಗೆ ಕೈ ಹಾಕಿದೆ. ನುಣುಪು, ನುಣುಪು, ಒರಟು. ಮತ್ತೆ ನುಣುಪು ಎರಡು, ಒರಟು ಎರಡು. ಲೆಕ್ಕದವನು ಹೀಗೆ ಸಮವಿಲ್ಲದೆ ಯಾಕೆ ಜೋಡಿಸಿದ ಎಂದು ನಿಂತೆ. ಕೀಲಿನ ಸಂದಿನ ಮೇಲೆ ಉಗುರು ಎಳೆದು ನೋಡಿದೆ. ಬೆನ್ನು ಮುಂದಾದ ಕಡೆಯೂ ಸಮ. ಜೋಡಿಸಿದ್ದು ನೀನಲ್ಲ. ನಾನು ಮೂರು ಹಲಗೆಗೆ ಬೆನ್ನಿನಿಂದ ಹೊಡೆದಿದ್ದೇನೆ.

ನೀನು ಹೇಳಲಿಲ್ಲ. ನಿಮ್ಮಕ್ಕ ನಿನಗೆ ಹೇಳಿದ್ದಾಳೆ ಎಂದು ಅವಳು ಉಸಿರೆಳೆದ ರೀತಿಯಲ್ಲೇ ಗೊತ್ತಾಯಿತು. ಸಿಟ್ಟಿಲ್ಲ. ಆ ದಿನ ಸ್ವಲ್ಪ ಇತ್ತು.

ಉಳಿ ಬೇಕೆಂದರೆ ಉಳಿಯೇ ಸಿಗುತ್ತದೆ. ಬೆರಳಿನ ಪಟ್ಟಿ ಬಿಚ್ಚಿ ಒಂದು ವಾರವಾಯಿತು. ಹಳೇ ಸಾಮಾನಿನವನು ಮತ್ತೆ ಬಂದಿದ್ದ. ಪೆಟ್ಟಿಗೆ ಎಲ್ಲಿ ಅಂದ. ಕಪಾಟು ತೆರೆದು ತೋರಿಸಿದೆ. ಸ್ವಲ್ಪ ಹೊತ್ತು ನಿಂತು ನೋಡಿ ಹೋದ. ಮಾರನೇ ದಿನ ಕಾಲು ಸಡಿಲಾದ ಎರಡು ಕುರ್ಚಿ ತಂದು ರಿಪೇರಿಗೆ ಬಿಟ್ಟಿದ್ದಾನೆ. ಒಂದು ಮುಗಿಯಿತು. ನಿಮ್ಮಕ್ಕ ಅದರ ಮೇಲೆಯೇ ಕೂತಿದ್ದಾಳೆ, ಅಲ್ಲಾಡುತ್ತಿಲ್ಲ. ಇನ್ನು ಮೇಲೆ ಗುರುತು ಕಾಣದಿದ್ದರೆ ಕೇಳುತ್ತೇನೆ ಎಂದು ಅವಳಿಗೆ ಹೇಳಿದ್ದೇನೆ.

ಕೆಳಗಿನ ತಟ್ಟೆಯಲ್ಲಿ ನಿನ್ನ ತೋಡು ಕೀಸುಳಿ ಇತ್ತು, ಪಕ್ಕದ ಗೂಡು ಖಾಲಿ. ನನ್ನದನ್ನು ಅದರಲ್ಲಿಟ್ಟೆ. ನಡುವೆ ಬೆರಳು ಹೋಗುತ್ತದೆ, ಮಡಚುತ್ತದೆ.

ಬಲಗಡೆಯ ಬಾಗಿಲು ಕೆಳಗೆ ಉಜ್ಜುತ್ತಿದೆ. ಕೀಲು ಕೂರಿಸುವುದು ನಿನಗೆ ಆಗಲೂ ಬರುತ್ತಿರಲಿಲ್ಲ. ನಾನೇ ಸರಿ ಮಾಡಬಹುದು, ಮಾಡುವುದಿಲ್ಲ. ಬಾಗಿಲನ್ನು ಲಾರಿಗೂ ಹಾಕುವುದಿಲ್ಲ. ನೀನು ಬಂದು ಮಾಡು.

ಯಾವತ್ತು ಬರುತ್ತೀಯೆಂದು ಭಾನುವಾರ ಫೋನಿನಲ್ಲಿ ಹೇಳು. ಭಾನುವಾರ ನನಗೆ ಕೆಲಸವಿಲ್ಲ.

ಭಾವ